ಕಾರು ಗುದ್ದಿ ಗಾಯವಾದರೆ: ತಪ್ಪು ಯಾರದ್ದೆಂದು ತೋರಿಸಿ ಪರಿಹಾರ ಪಡೆಯುವುದು ಹೇಗೆ?

ಕೆಲವು ವರ್ಷಗಳ ಹಿಂದೆ ಶಿರಾ ಕಡೆಯ ಒಬ್ಬ ಗಾರೆ ಕೆಲಸದವರ ಕೇಸು ನನ್ನ ಬಳಿ ಬಂತು. ಹಿಂದಿನಿಂದ ಬಂದ ಕಾರು ಅವರ ಬೈಕಿಗೆ ಗುದ್ದಿತ್ತು. ಬಲಗಾಲಿನ ಮೂಳೆ ಎರಡು ಕಡೆ ಮುರಿದಿತ್ತು. ರಾತ್ರಿ ಹತ್ತು ಗಂಟೆಗೆ ಅವರನ್ನು ಆಸ್ಪತ್ರೆಗೆ ಕರೆತಂದವನು ಪಕ್ಕದ ಮನೆಯ ಹುಡುಗ. ಕೌಂಟರಿನಲ್ಲಿ ‘ಏನಾಯ್ತಪ್ಪಾ?’ ಅಂತ ಕೇಳಿದರು. ಅವನು ಗಾಬರಿಯಲ್ಲಿ ‘ಬೈಕಿಂದ ಬಿದ್ದುಬಿಟ್ರು’ ಅಂದ. ಅದು ರಿಜಿಸ್ಟರಿಗೆ ಹೋಯಿತು. ಅಲ್ಲಿಂದ ಕೇಸ್ ಶೀಟಿಗೆ ಹೋಯಿತು. ಮೂರು ವರ್ಷ ಆದಮೇಲೆ ವಿಮಾ ಕಂಪನಿಯ ವಕೀಲರು ಪಾಟೀ ಸವಾಲಿನಲ್ಲಿ ಆ ಸಾಲನ್ನೇ ಎತ್ತಿಕೊಂಡು, ‘ನೀವು ಸ್ವತಃ ಬಿದ್ದಿದ್ದೀರಿ, ಕಾರು ಗುದ್ದಿಯೇ ಇಲ್ಲ ಎಂದರೆ ಸರಿಯೇ?’ ಎಂದು ಕೇಳಿದರು.

ಆ ಹುಡುಗನನ್ನೂ, ಬರೆದುಕೊಂಡ ಡಾಕ್ಟರನ್ನೂ ಕಟಕಟೆಗೆ ಕರೆಸಿದೆವು. ಕೊನೆಗೆ ಪರಿಹಾರ ಸಿಕ್ಕಿತು. ಆದರೆ ಆ ಎರಡು ಪದ ನಮ್ಮ ಒಂದು ವರ್ಷವನ್ನು ತಿಂದು ಹಾಕಿತು. ಆ ವರ್ಷ ಅವರ ಮನೆಯಲ್ಲಿ ಸಾಲದ ಬಡ್ಡಿ ಓಡುತ್ತಲೇ ಇತ್ತು.

ನಾನು ತುಮಕೂರಿನಲ್ಲಿ ವಕೀಲೆ. ಹೆಚ್ಚಾಗಿ ನೋಡುವುದು ಇಂಥ ಎಂವಿಸಿ ಕೇಸುಗಳನ್ನೇ, ಅಂದರೆ ವಾಹನ ಅಪಘಾತದ ಪರಿಹಾರ ಕೇಸುಗಳನ್ನೇ. ನ್ಯಾಯಮಂಡಳಿಗೆ ಬರುವ ಹೊತ್ತಿಗೆ ಅರ್ಧ ಕೇಸು ಮೊದಲ ಎರಡು ದಿನದಲ್ಲೇ ಯಾರೋ ಬರೆದು ಮುಗಿಸಿರುತ್ತಾರೆ. ಅದಕ್ಕೇ ಈ ಬರಹದಲ್ಲಿ ಆ ಎರಡು ದಿನಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ರಸ್ತೆಯಲ್ಲಿ: ಮೊದಲ ಗಂಟೆ

ಮೊದಲು ಜೀವ. 108ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ. ಗಾಯಾಳುವನ್ನು ಎತ್ತಿದರೆ ಪೊಲೀಸರು ನಮ್ಮನ್ನೇ ಸಿಕ್ಕಿಸುತ್ತಾರೆ ಅನ್ನುವ ಭಯ ಈಗಲೂ ಜನರಲ್ಲಿದೆ. ಹಾಗೇನೂ ಆಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ 134ಎ ಕಲಂ ಸಹಾಯಕ್ಕೆ ಬಂದವರನ್ನು ಕಾಪಾಡುತ್ತದೆ. ಅವರು ಬೇಡವೆಂದರೆ ಹೆಸರು, ವಿಳಾಸ ಕೊಡಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ.

ಗುದ್ದಿದ ಚಾಲಕನ ಮೇಲೂ ಕರ್ತವ್ಯವಿದೆ. ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ನೋಡಿಕೊಳ್ಳಬೇಕು. 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು. ವಿಮೆ ಮಾಡಿದ ಕಂಪನಿಗೂ ತಿಳಿಸಬೇಕು.

ಜೊತೆಯಲ್ಲಿ ಇನ್ನೊಬ್ಬರು ಇದ್ದರೆ ಅವರಿಗೆ ಒಂದೇ ಕೆಲಸ ಹೇಳಿ: ವಾಹನಗಳನ್ನು ಪಕ್ಕಕ್ಕೆ ಸರಿಸುವ ಮುಂಚೆ ಫೋಟೋ ತೆಗೆಯಲಿ. ಹತ್ತಿರದ ಫೋಟೋ ಎಲ್ಲರೂ ತೆಗೆಯುತ್ತಾರೆ, ಒಡೆದ ಹೆಡ್‌ಲೈಟು, ರಕ್ತ. ನಮಗೆ ಹೆಚ್ಚು ಬೇಕಾಗುವುದು ಇಪ್ಪತ್ತು ಮೂವತ್ತು ಹೆಜ್ಜೆ ದೂರದಿಂದ ತೆಗೆದದ್ದು. ರಸ್ತೆಯ ಎರಡೂ ಅಂಚು, ಮಧ್ಯದ ಗೆರೆ, ಯಾವ ವಾಹನ ಯಾವ ಬದಿಗೆ ನಿಂತಿದೆ, ಟೈರಿನ ಬ್ರೇಕ್ ಗುರುತು ಎಲ್ಲಿಂದ ಎಲ್ಲಿಯವರೆಗಿದೆ, ಗಾಜಿನ ಚೂರು ಎಲ್ಲಿ ಬಿದ್ದಿದೆ ಇವೆಲ್ಲ ಕಾಣಬೇಕು. ಗಾಜಿನ ಚೂರು ಸಾಮಾನ್ಯವಾಗಿ ಗುದ್ದಿದ ಜಾಗದ ಆಸುಪಾಸಿನಲ್ಲೇ ಬೀಳುತ್ತದೆ. ಎದುರಿನ ಕಾರು ನಿಮ್ಮ ಬದಿಗೆ ನುಗ್ಗಿತ್ತೇ ಇಲ್ಲವೇ ಅನ್ನುವ ವಾದ ಎಷ್ಟೋ ಸಲ ಆ ಚೂರಿನ ಮೇಲೇ ನಿಲ್ಲುತ್ತದೆ.

ಕಾರಿನ ನಂಬರ್ ಬರೆದುಕೊಳ್ಳಿ. ನಂಬರ್ ಇದ್ದರೆ ಅದರ ವಿಮೆ ಚಾಲ್ತಿಯಲ್ಲಿದೆಯೇ ಎಂದು ಎಂಪರಿವಾಹನ್ ಆ್ಯಪಿನಲ್ಲಿ ನೋಡಬಹುದು. ಪಕ್ಕದ ಅಂಗಡಿ, ಪೆಟ್ರೋಲ್ ಬಂಕ್, ಟೋಲ್‌ಗಳಲ್ಲಿ ಸಿಸಿಟಿವಿ ಇದೆಯೇ ನೋಡಿ. ಆ ದೃಶ್ಯ ಕೆಲವೇ ದಿನದಲ್ಲಿ ತಾನಾಗಿ ಅಳಿಸಿ ಹೋಗುತ್ತದೆ. ಹಾಗಾಗಿ ಅದನ್ನು ವಶಕ್ಕೆ ಪಡೆಯಬೇಕೆಂದು ಠಾಣೆಗೆ ಬರವಣಿಗೆಯಲ್ಲಿ ಕೊಟ್ಟು, ಸ್ವೀಕೃತಿ ತೆಗೆದುಕೊಳ್ಳಿ. ಫೋಟೋ ತೆಗೆದ ಫೋನನ್ನು ಮಾರಬೇಡಿ. ಕೋರ್ಟಿಗೆ ಎಲೆಕ್ಟ್ರಾನಿಕ್ ದಾಖಲೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ. ಮೂಲ ಫೋನ್ ಕೈಯಲ್ಲಿದ್ದರೆ ಆ ಕೆಲಸ ಸಲೀಸು.

ಆಸ್ಪತ್ರೆಯಲ್ಲಿ ಬರೆಯುವ ಮೊದಲ ಸಾಲು

ಅಪಘಾತದ ಗಾಯಾಳು ಬಂದರೆ ಆಸ್ಪತ್ರೆಯವರು ಅದನ್ನು ಎಂಎಲ್‌ಸಿ ಎಂದು ದಾಖಲಿಸುತ್ತಾರೆ. ಅಂದರೆ ಪೊಲೀಸರಿಗೆ ತಿಳಿಸಬೇಕಾದ ಕೇಸು. ಅದರಲ್ಲಿ ಗಾಯ ಹೇಗಾಯಿತು ಎಂದು ಒಂದು ಸಾಲು ಬರೆಯುತ್ತಾರೆ. ಕರೆತಂದವರು ಹೇಳಿದ್ದನ್ನೇ ಬರೆಯುವುದು ರೂಢಿ. ಅಲ್ಲಿ ಹೀಗೆ ಹೇಳಿ: ‘ಇಂಥ ಜಾಗದಲ್ಲಿ, ಇಷ್ಟು ಗಂಟೆಗೆ, ಇವರ ಬೈಕಿಗೆ ಕಾರು ಗುದ್ದಿದೆ.’ ಕಾರಿನ ನಂಬರ್ ಗೊತ್ತಿದ್ದರೆ ಅದನ್ನೂ ಹೇಳಿ. ಗೊತ್ತಿಲ್ಲದಿದ್ದರೆ ಊಹಿಸಿ ಹೇಳಬೇಡಿ. ‘ನಂಬರ್ ನೋಡಿಲ್ಲ, ಬಿಳಿ ಕಾರು’ ಅಂದರೂ ಸಾಕು.

ಬರೆದದ್ದನ್ನು ಓದಿ ಹೇಳಿಸಿಕೊಳ್ಳಿ. ತಪ್ಪಾಗಿದ್ದರೆ ಆಗಲೇ ತಿದ್ದಿಸಿ. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳಿಸಿದರೆ ಅಲ್ಲಿಯೂ ಇದೇ ಮಾತನ್ನು ಹೇಳಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ‘ಕಾರು ಗುದ್ದಿದೆ’ ಎಂದೂ ಬೆಂಗಳೂರಿನ ಆಸ್ಪತ್ರೆಯಲ್ಲಿ ‘ಸ್ಕಿಡ್ ಆಗಿ ಬಿದ್ದದ್ದು’ ಎಂದೂ ಇದ್ದರೆ, ಎದುರಿನ ವಕೀಲರು ಎರಡನೆಯದನ್ನೇ ಹಿಡಿಯುತ್ತಾರೆ.

ಖರ್ಚಿನ ವಿಷಯ. 2025ರ ಮೇ ತಿಂಗಳಿನಿಂದ ಕೇಂದ್ರ ಸರ್ಕಾರದ ನಗದುರಹಿತ ಚಿಕಿತ್ಸಾ ಯೋಜನೆ ಜಾರಿಯಲ್ಲಿದೆ. ರಸ್ತೆ ಅಪಘಾತದ ಗಾಯಾಳುವಿಗೆ ಅಪಘಾತದ ದಿನದಿಂದ 7 ದಿನದವರೆಗೆ, 1.5 ಲಕ್ಷ ರೂಪಾಯಿವರೆಗೆ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಸಿಗುತ್ತದೆ. ದಾಖಲಿಸುವಾಗಲೇ ‘ಈ ಯೋಜನೆಯಲ್ಲಿ ತಗೊಳ್ತೀರಾ?’ ಎಂದು ಕೇಳಿ.

ಒಂದು ಬಟ್ಟೆ ಚೀಲ ಇಟ್ಟುಕೊಳ್ಳಿ. ಔಷಧಿ ಬಿಲ್ಲು, ಸ್ಕ್ಯಾನಿಂಗ್ ಬಿಲ್ಲು, ಡಿಸ್ಚಾರ್ಜ್ ಸಮ್ಮರಿ, ಆಟೋಗೆ ಕೊಟ್ಟ ದುಡ್ಡಿನ ಚೀಟಿ, ಎಕ್ಸ್‌ರೇ ಎಲ್ಲ ಅದರಲ್ಲಿರಲಿ. ಬಿಲ್ಲಿನ ಜೊತೆ ಡಾಕ್ಟರ ಚೀಟಿಯೂ ಇರಬೇಕು. ಚೀಟಿ ಇಲ್ಲದ ಬಿಲ್ಲನ್ನು ಎದುರಿನವರು ಒಪ್ಪುವುದಿಲ್ಲ. ಮೆಡಿಕಲ್ ಶಾಪಿನ ಬಿಲ್ಲು ಕೆಲವು ತಿಂಗಳಲ್ಲಿ ಮಾಸಿ ಬೆಳ್ಳಗಾಗುತ್ತದೆ. ಬಂದ ದಿನವೇ ಜೆರಾಕ್ಸ್ ಮಾಡಿಸಿಡಿ.

ದೂರು, ಎಫ್‌ಐಆರ್, ಮತ್ತು ರಸ್ತೆ ಬದಿಯ ರಾಜಿ

ಅಪಘಾತ ಆದ ಜಾಗ ಯಾವ ಠಾಣೆಗೆ ಸೇರುತ್ತದೋ ಅಲ್ಲಿ ದೂರು ಕೊಡಿ. ಗಾಯಾಳು ಮಾತಾಡುವ ಸ್ಥಿತಿಯಲ್ಲಿದ್ದರೆ ಪೊಲೀಸರು ಆಸ್ಪತ್ರೆಗೇ ಬಂದು ಹೇಳಿಕೆ ಪಡೆಯುತ್ತಾರೆ. 2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅಜಾಗರೂಕ ಚಾಲನೆಗೆ 281, ಗಾಯಕ್ಕೆ 125(ಎ), ತೀವ್ರ ಗಾಯಕ್ಕೆ 125(ಬಿ), ಸಾವಾದರೆ 106(1). ನಿಮ್ಮ ಎಫ್‌ಐಆರಿನಲ್ಲಿ ಈ ನಂಬರುಗಳು ಕಾಣಬೇಕು. ಮೂಳೆ ಮುರಿದರೆ, ಹಲ್ಲು ಹೋದರೆ ಅದು ತೀವ್ರ ಗಾಯ. 125(ಎ) ಮಾತ್ರ ಹಾಕಿದ್ದರೆ ಗಾಯದ ಪ್ರಮಾಣಪತ್ರ ತೋರಿಸಿ 125(ಬಿ) ಸೇರಿಸಲು ಕೇಳಿ.

ದೂರಿನಲ್ಲಿ ಕಾರು ಹೇಗೆ ಬಂತು ಎಂದು ಬರೆಯಿರಿ. ‘ಅತಿವೇಗ ಮತ್ತು ಅಜಾಗರೂಕತೆಯಿಂದ’ ಅನ್ನುವ ಸಿದ್ಧ ಸಾಲು ಎಲ್ಲ ದೂರಿನಲ್ಲೂ ಇರುತ್ತದೆ. ಅದೊಂದೇ ಸಾಲದು. ‘ಬಲಕ್ಕೆ ತಿರುಗುವ ಮುಂಚೆ ಇಂಡಿಕೇಟರ್ ಹಾಕಲಿಲ್ಲ’, ‘ಬಸ್ಸನ್ನು ಹಿಂದಿಕ್ಕಲು ನಮ್ಮ ಬದಿಗೆ ಬಂದ’, ‘ಹಂಪಿನ ಹತ್ತಿರವೂ ನಿಧಾನ ಮಾಡಲಿಲ್ಲ’. ಹೀಗೆ ಕಣ್ಣಿಗೆ ಕಂಡದ್ದನ್ನು ಬರೆದರೆ ಅದು ಸಾಕ್ಷ್ಯವಾಗುತ್ತದೆ.

ತಡವಾಯಿತೆಂದು ಕೈಬಿಡಬೇಡಿ. ಮನೆಯವರು ಮೊದಲು ಆಸ್ಪತ್ರೆ ನೋಡುತ್ತಾರೆ, ಠಾಣೆ ಆಮೇಲೆ. ಎಫ್‌ಐಆರ್ ತಡವಾದ ಒಂದೇ ಕಾರಣಕ್ಕೆ ಕ್ಲೇಮನ್ನು ಸುಳ್ಳೆನ್ನಬಾರದು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಆದರೆ ಏಕೆ ತಡವಾಯಿತು ಎಂದು ದೂರಿನಲ್ಲಿ ಒಂದು ಸಾಲು ಬರೆಯಿರಿ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಎಸ್‌ಪಿ ಅವರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ‘ಸುಮ್ನೆ ಕೇಸು, ಕೋರ್ಟು ಯಾಕಣ್ಣಾ, ಬೈಕ್ ರಿಪೇರಿ ದುಡ್ಡು ಕೊಡ್ತೀವಿ, ಆಸ್ಪತ್ರೆ ಖರ್ಚೂ ನೋಡ್ಕೋತೀವಿ’ ಎಂದು ಕಾರಿನವರು ಹೇಳುತ್ತಾರೆ. ನಿಜವಾಗಿ ಒಳ್ಳೆಯ ಮನಸ್ಸಿನಿಂದ ಹೇಳುವವರೂ ಇರುತ್ತಾರೆ. ಹಳ್ಳಿಯ ಹಿರಿಯರು ಮಧ್ಯೆ ಬರುತ್ತಾರೆ. ಹತ್ತು ಸಾವಿರ ಕೈಗೆ ಬರುತ್ತದೆ, ‘ನನ್ನದೇನೂ ದೂರಿಲ್ಲ’ ಎಂಬ ಕಾಗದಕ್ಕೆ ಸಹಿ ಹೋಗುತ್ತದೆ. ಹದಿನೈದು ದಿನ ಕಳೆದ ಮೇಲೆ ಮಂಡಿ ಮಡಚಲು ಆಗುವುದಿಲ್ಲ, ಎಂಆರ್‌ಐ ಮಾಡಿಸಿದರೆ ಲಿಗಮೆಂಟ್ ಹರಿದಿದೆ. ಆಗ ಕಾರಿನವರು ಫೋನ್ ಎತ್ತುವುದಿಲ್ಲ. ಇಂಥವರು ನನ್ನ ಮುಂದೆ ಕುಳಿತು ಅತ್ತಿದ್ದನ್ನು ನೋಡಿದ್ದೇನೆ. ಪರಿಹಾರ ಕೊಡಬೇಕಾದದ್ದು ಸಾಮಾನ್ಯವಾಗಿ ವಿಮಾ ಕಂಪನಿ, ಕಾರಿನವರ ಜೇಬಲ್ಲ. ಈ ಮಾತನ್ನು ಕಾರಿನವರಿಗೇ ಸಮಾಧಾನವಾಗಿ ಹೇಳಿ. ಗಾಯ ಪೂರ್ತಿ ಏನೆಂದು ಗೊತ್ತಾಗುವವರೆಗೆ ಯಾವ ಕಾಗದಕ್ಕೂ ಸಹಿ ಬೇಡ.

ತಪ್ಪು ಯಾರದ್ದು ಎಂದು ಹೇಗೆ ತೀರ್ಮಾನವಾಗುತ್ತದೆ

ಚಾಲಕನ ಮೇಲಿನ ಕ್ರಿಮಿನಲ್ ಕೇಸು ಬೇರೆ, ನಿಮ್ಮ ಪರಿಹಾರದ ಕೇಸು ಬೇರೆ. ಮೊದಲನೆಯದರಲ್ಲಿ ಸಂಶಯಕ್ಕೆ ಎಡೆ ಇಲ್ಲದಂತೆ ಸಾಬೀತಾಗಬೇಕು. ಎರಡನೆಯದರಲ್ಲಿ ಹೀಗೇ ಆಗಿರುವ ಸಾಧ್ಯತೆ ಹೆಚ್ಚು ಎಂದು ತೋರಿಸಿದರೆ ಸಾಕು. ಅಲ್ಲಿ ಚಾಲಕ ಬಿಡುಗಡೆಯಾದರೂ ಇಲ್ಲಿ ನೀವು ಗೆಲ್ಲಬಹುದು.

ನ್ಯಾಯಾಧೀಶರು ಮೊದಲು ನೋಡುವುದು ನಾಲ್ಕೈದು ಕಾಗದ: ಎಫ್‌ಐಆರ್, ಸ್ಥಳ ಮಹಜರು (ಪೊಲೀಸರು ಜಾಗ ನೋಡಿ ಬರೆಯುವ ವರದಿ), ಸ್ಥಳದ ಸ್ಕೆಚ್, ಮೋಟಾರು ವಾಹನ ನಿರೀಕ್ಷಕರ ವರದಿ, ಚಾರ್ಜ್‌ಶೀಟ್. ಇದರಲ್ಲಿ ಜನ ಕಡೆಗಣಿಸುವುದು ಸ್ಕೆಚ್. ರಸ್ತೆಯ ಅಗಲ ಎಷ್ಟು ಅಡಿ, ಗುದ್ದಿದ ಜಾಗ ಯಾವ ಅಂಚಿನಿಂದ ಎಷ್ಟು ಅಡಿ ಎಂದು ಅದರಲ್ಲಿ ಗುರುತು ಹಾಕಿರುತ್ತಾರೆ. ಮೂವತ್ತು ಅಡಿ ರಸ್ತೆಯಲ್ಲಿ ನೀವು ಎಡಬದಿಯಲ್ಲಿ ಬರುತ್ತಿದ್ದೀರಿ, ಗುದ್ದಿದ ಜಾಗ ನಿಮ್ಮ ಎಡ ಅಂಚಿನಿಂದ ಆರು ಅಡಿಯಲ್ಲಿದೆ ಅಂದುಕೊಳ್ಳಿ. ಎದುರಿನ ಕಾರೇ ನಿಮ್ಮ ಬದಿಗೆ ಬಂದದ್ದು ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಅದೇ ಗುರುತು ಇಪ್ಪತ್ತು ಅಡಿಗೆ ಹೋದರೆ ಪ್ರಶ್ನೆ ನಿಮ್ಮ ಕಡೆ ತಿರುಗುತ್ತದೆ. ಮಹಜರು ಮಾಡುವಾಗ ನಿಮ್ಮ ಕಡೆಯ ಒಬ್ಬರು ಅಲ್ಲಿರಲಿ. ಅಳತೆ ತಪ್ಪಿದ್ದರೆ ಅಲ್ಲೇ ಹೇಳಲಿ.

ನಿಮ್ಮದೂ ಸ್ವಲ್ಪ ತಪ್ಪಿದ್ದರೆ? ಕೇಸು ಬಿದ್ದುಹೋಗುವುದಿಲ್ಲ. ನ್ಯಾಯಮಂಡಳಿ ತಪ್ಪನ್ನು ಹಂಚುತ್ತದೆ. ನಿಮ್ಮ ಪಾಲು 25 ಶೇಕಡಾ ಎಂದಾದರೆ, 8 ಲಕ್ಷ ಪರಿಹಾರದಲ್ಲಿ 2 ಲಕ್ಷ ಕಡಿತವಾಗಿ 6 ಲಕ್ಷ ಸಿಗುತ್ತದೆ. ಹಿಂದಿನ ಸೀಟಿನಲ್ಲಿ ಕುಳಿತವರಿಗೆ ಈ ಕಡಿತ ಬೀಳುವುದಿಲ್ಲ. ಬೈಕ್ ಓಡಿಸಿದವನದೂ ತಪ್ಪು, ಕಾರಿನವನದೂ ತಪ್ಪು ಅಂತಾದರೆ, ಹಿಂದೆ ಕುಳಿತವರು ಪೂರ್ತಿ ಹಣವನ್ನು ಇಬ್ಬರಲ್ಲಿ ಯಾರಿಂದ ಬೇಕಾದರೂ ಕೇಳಬಹುದು. 2015ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ.

ಡಿಎಲ್ ಇರಲಿಲ್ಲ, ಬೈಕಿನಲ್ಲಿ ಮೂವರಿದ್ದರು. ಈ ಎರಡು ಮಾತನ್ನು ವಿಮಾ ಕಂಪನಿಯವರು ತಪ್ಪದೆ ಎತ್ತುತ್ತಾರೆ. ಅದಕ್ಕೆ ದಂಡ ಬೀಳಬಹುದು, ನಿಜ. ಆದರೆ ಗುದ್ದಿಸಿಕೊಂಡವರ ಬಳಿ ಡಿಎಲ್ ಇಲ್ಲ ಅಂದಮಾತ್ರಕ್ಕೆ ಅಪಘಾತ ಅವರಿಂದಲೇ ಆಯಿತು ಎಂದಾಗುವುದಿಲ್ಲ. ಮೂವರು ಕುಳಿತಿದ್ದರೂ ಅಷ್ಟೇ. ಅದರಿಂದಲೇ ಅಪಘಾತವಾಯಿತು ಎಂದು ಅವರು ತೋರಿಸಬೇಕು. ಸುಪ್ರೀಂ ಕೋರ್ಟ್ 2008ರಲ್ಲಿ ಮೊದಲನೆಯದನ್ನೂ 2020ರಲ್ಲಿ ಎರಡನೆಯದನ್ನೂ ಹೇಳಿದೆ. ಹಾಗೆಂದು ಡಿಎಲ್ ಇತ್ತೆಂದು ಸುಳ್ಳು ಹೇಳಬೇಡಿ. ಪಾಟೀ ಸವಾಲಿನಲ್ಲಿ ಒಂದು ಸುಳ್ಳು ಸಿಕ್ಕಿದರೆ ಉಳಿದ ಹತ್ತು ನಿಜದ ಮೇಲೂ ನಂಬಿಕೆ ಹೋಗುತ್ತದೆ. ವಿಮೆ ಇಲ್ಲದ ವಾಹನದ ಬದಲು ವಿಮೆ ಇರುವ ಇನ್ನೊಂದನ್ನು ತೋರಿಸೋಣ ಎಂದು ಯಾರಾದರೂ ಹೇಳಿದರೆ ಎದ್ದು ಬನ್ನಿ. ಅದು ಅಪರಾಧ.

ನಿಮಗೆ ಯಾವ ದಾರಿ?

ಗುದ್ದಿದ ವಾಹನ ಗೊತ್ತಿದೆ, ತಪ್ಪು ಅದರ ಚಾಲಕನದು ಎಂದಾದರೆ ಮೋಟಾರು ವಾಹನ ಕಾಯ್ದೆಯ 166ನೇ ಕಲಂ ಅಡಿ ಅರ್ಜಿ. ಪೂರ್ತಿ ನಷ್ಟ ಕೇಳಬಹುದಾದ ದಾರಿ ಇದು.

ವಾಹನ ಗೊತ್ತಿದೆ, ಆದರೆ ತಪ್ಪು ತೋರಿಸುವುದು ಕಷ್ಟ ಎಂದಾದರೆ 164ನೇ ಕಲಂ ಇದೆ. ಇಲ್ಲಿ ಯಾರ ತಪ್ಪೆಂದು ಸಾಬೀತು ಮಾಡಬೇಕಿಲ್ಲ. ಮೊತ್ತ ಮಾತ್ರ ನಿಗದಿ: ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ.

ಗುದ್ದಿ ಓಡಿಹೋದ ವಾಹನ ಪತ್ತೆಯೇ ಆಗದಿದ್ದರೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ. ಇದಕ್ಕೆ ಕೋರ್ಟಿಗೆ ಹೋಗಬೇಕಿಲ್ಲ. ಅಪಘಾತವಾದ ಜಾಗದ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರ್ ಕಚೇರಿಯಲ್ಲಿ ಅರ್ಜಿ ಕೊಡಬೇಕು. ಈ ಯೋಜನೆ ಇದೆ ಎಂಬುದೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ದಯವಿಟ್ಟು ನಾಲ್ಕು ಜನಕ್ಕೆ ಹೇಳಿ.

ತಪ್ಪು ಪೂರ್ತಿ ನಿಮ್ಮದೇ, ವಾಹನವೂ ನಿಮ್ಮದೇ ಎಂದಾದರೆ 166ರಲ್ಲಿ ಸಿಗುವುದಿಲ್ಲ. ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ವಿಮೆ ಇದ್ದರೆ, ಸಾವು ಅಥವಾ ಪೂರ್ಣ ಅಂಗವೈಕಲ್ಯಕ್ಕೆ 15 ಲಕ್ಷದವರೆಗೆ ಅದರಲ್ಲಿ ಕೇಳಬಹುದು. ಕೂಲಿ ಅಥವಾ ಚಾಲಕನ ಕೆಲಸ ಮಾಡುತ್ತಲೇ ಗಾಯವಾಗಿದ್ದರೆ ಕಾರ್ಮಿಕರ ಪರಿಹಾರ ಕಾನೂನಿನ ದಾರಿಯೂ ಇದೆ. ಆದರೆ ಅದು ಅಥವಾ ಇದು, ಒಂದನ್ನೇ ಆರಿಸಬೇಕು.

ವಿಮೆಯ ಒಳಗಿನ ಒಂದು ಅಪಾಯ

ಕಾರಿಗೆ ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ರಸ್ತೆಯಲ್ಲಿ ಗುದ್ದಿಸಿಕೊಂಡವರಿಗೆ ಹಣ ಬರುತ್ತದೆ. ಆದರೆ ಅದೇ ಖಾಸಗಿ ಕಾರಿನೊಳಗೆ ಕುಳಿತು ಬರುತ್ತಿದ್ದ ನೆಂಟರಿಗೆ ಸಾಮಾನ್ಯವಾಗಿ ಬರುವುದಿಲ್ಲ. ಸ್ವಂತ ಕಾರಿನ ಹಾನಿಗೂ ರಕ್ಷಣೆ ಕೊಡುವ ಪ್ಯಾಕೇಜ್ ಪಾಲಿಸಿ ಇದ್ದರೆ ಬರುತ್ತದೆ.

ಇದಕ್ಕಿಂತ ದೊಡ್ಡ ಸಂಕಟ ಗೂಡ್ಸ್ ವಾಹನದ್ದು. ನಮ್ಮ ಕಡೆ ಮದುವೆಗೆ, ಜಾತ್ರೆಗೆ, ಬೀಗರ ಊಟಕ್ಕೆ ಟೆಂಪೋ, ಟ್ರ್ಯಾಕ್ಟರ್ ಟ್ರೈಲರ್ ಹತ್ತುವುದು ಮಾಮೂಲು. ಅದು ಪಲ್ಟಿಯಾದರೆ ಹಿಂದೆ ಕುಳಿತವರಿಗೆ ವಿಮಾ ಕಂಪನಿ ಕೊಡಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2002ರ ತೀರ್ಪಿನಲ್ಲಿ ಹೇಳಿದೆ. ಸರಕಿನ ಮಾಲೀಕ ಅಥವಾ ಅವನ ಪರವಾಗಿ ಸರಕಿನ ಜೊತೆ ಬಂದವನು ಮಾತ್ರ ಇದಕ್ಕೆ ಹೊರತು. ಉಳಿದವರಿಗೆ ಹೊಣೆ ವಾಹನದ ಮಾಲೀಕನೊಬ್ಬನದೇ. ಅವನೂ ನಿಮ್ಮಂತೆಯೇ ಸಾಲ ಮಾಡಿ ವಾಹನ ಕೊಂಡವನಾಗಿರುತ್ತಾನೆ. ನಿಮ್ಮ ಮನೆಯ ಮಕ್ಕಳನ್ನು, ಅಜ್ಜಿಯರನ್ನು ದಯವಿಟ್ಟು ಹಾಗೆ ಕಳಿಸಬೇಡಿ.

ಗುದ್ದಿದ್ದು ಸರ್ಕಾರಿ ಸಾರಿಗೆ ಬಸ್ಸಾದರೆ ಅರ್ಜಿಯಲ್ಲಿ ಆ ನಿಗಮವನ್ನೇ ಎದುರುದಾರರನ್ನಾಗಿ ಮಾಡಬೇಕು.

ಅರ್ಜಿ ಎಲ್ಲಿ, ಯಾವಾಗ

ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಪ್ರತಿ ಜಿಲ್ಲೆಯಲ್ಲೂ, ಬಹಳಷ್ಟು ತಾಲ್ಲೂಕುಗಳಲ್ಲೂ ಇದೆ. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯವೇ ಈ ಕೆಲಸ ಮಾಡುತ್ತದೆ. ಅಪಘಾತವಾದ ಜಾಗದಲ್ಲೇ ಹಾಕಬೇಕೆಂದಿಲ್ಲ. ನೀವು ವಾಸ ಇರುವ ಅಥವಾ ವ್ಯಾಪಾರ ಮಾಡುವ ಊರಿನಲ್ಲೂ ಹಾಕಬಹುದು. ಮುರಿದ ಕಾಲಿನಲ್ಲಿ ನೂರಾರು ಕಿಲೋಮೀಟರ್ ಓಡಾಡುವುದು ತಪ್ಪುತ್ತದೆ.

2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಅಪಘಾತವಾದ 6 ತಿಂಗಳೊಳಗೆ ಅರ್ಜಿ ಹಾಕಬೇಕು. ಈ ಮಿತಿ ಸರಿಯೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿದೆ. 2025ರ ನವೆಂಬರಿನಲ್ಲಿ ಅದು ಮಧ್ಯಂತರ ಆದೇಶ ಕೊಟ್ಟು, ತಡವಾಯಿತೆಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬೇಡಿ ಎಂದಿತು. ಅದನ್ನು ನಂಬಿಕೊಂಡು ಕೂರಬೇಡಿ. ಆರು ತಿಂಗಳೇ ಕೊನೆ ಎಂದುಕೊಂಡು ಹಾಕಿಬಿಡಿ. ಚಿಕಿತ್ಸೆ ಮುಗಿಯದಿದ್ದರೂ ಹಾಕಬಹುದು, ಬಿಲ್ಲು ಆಮೇಲೆ ಸೇರಿಸಬಹುದು.

ಪೊಲೀಸರೂ 48 ಗಂಟೆಯೊಳಗೆ ಮೊದಲ ವರದಿಯನ್ನು, 90 ದಿನದೊಳಗೆ ವಿವರವಾದ ವರದಿಯನ್ನು ನ್ಯಾಯಮಂಡಳಿಗೆ ಕಳಿಸಬೇಕು. ಅದನ್ನೇ ಅರ್ಜಿಯಾಗಿ ತೆಗೆದುಕೊಳ್ಳಲು ಕಾಯ್ದೆಯಲ್ಲಿ ಅವಕಾಶವಿದೆ. ಆದರೂ ನಿಮ್ಮ ಆದಾಯ, ನಿಮ್ಮ ಕೆಲಸ, ನಿಮ್ಮ ನೋವು ಪೊಲೀಸ್ ವರದಿಯಲ್ಲಿ ಪೂರ್ತಿ ಬರುವುದಿಲ್ಲ. ಸ್ವಂತ ಅರ್ಜಿಯೇ ಒಳ್ಳೆಯದು.

ಎಷ್ಟು ಸಿಗುತ್ತದೆ? ಲೆಕ್ಕ ಹೀಗೆ

ನೋವು ಮತ್ತು ಯಾತನೆ, ಚಿಕಿತ್ಸೆ ಖರ್ಚು, ಓಡಾಟ, ಪೌಷ್ಟಿಕ ಆಹಾರ, ನೋಡಿಕೊಂಡವರ ಖರ್ಚು, ಮಲಗಿದ್ದಷ್ಟು ದಿನದ ದುಡಿಮೆ, ಮುಂದಿನ ಚಿಕಿತ್ಸೆ, ಬದುಕಿನ ಸುಖ ಕಳೆದುಕೊಂಡದ್ದು ಇವೆಲ್ಲ ಬೇರೆ ಬೇರೆ ಬಾಬತ್ತು. ಶಾಶ್ವತ ಅಂಗವೈಕಲ್ಯ ಇದ್ದಾಗ ಅತಿ ದೊಡ್ಡ ಮೊತ್ತ ಬರುವುದು ಮುಂದಿನ ದುಡಿಮೆಯ ನಷ್ಟದಲ್ಲಿ. ಅದರ ಸೂತ್ರ ಸುಲಭ. ತಿಂಗಳ ಆದಾಯಕ್ಕೆ ಮುಂದಿನ ಏರಿಕೆಯನ್ನು ಸೇರಿಸಿ, 12ರಿಂದ ಗುಣಿಸಿ, ವಯಸ್ಸಿನ ಗುಣಕದಿಂದ ಗುಣಿಸಿ, ಬಂದದ್ದರಲ್ಲಿ ಅಂಗವೈಕಲ್ಯ ಎಷ್ಟು ಶೇಕಡಾವೋ ಅಷ್ಟು ಭಾಗವನ್ನು ಲೆಕ್ಕ ಹಾಕುವುದು.

ಗುಣಕ ಬಂದದ್ದು 2009ರ ಸರಳಾ ವರ್ಮಾ ತೀರ್ಪಿನಿಂದ. 25 ವರ್ಷದವರೆಗೆ 18, 26ರಿಂದ 30ಕ್ಕೆ 17, 31ರಿಂದ 35ಕ್ಕೆ 16, 36ರಿಂದ 40ಕ್ಕೆ 15, 41ರಿಂದ 45ಕ್ಕೆ 14, 46ರಿಂದ 50ಕ್ಕೆ 13, ಆಮೇಲೆ 11, 9, 7, 5 ಎಂದು ಇಳಿಯುತ್ತದೆ. ಏರಿಕೆಯ ಶೇಕಡಾವಾರು 2017ರ ಪ್ರಣಯ್ ಸೇಠಿ ತೀರ್ಪಿನದು. ಸ್ವಂತ ದುಡಿಮೆಯವರಿಗೆ 40 ವರ್ಷದೊಳಗೆ 40 ಶೇಕಡಾ, 40ರಿಂದ 50ಕ್ಕೆ 25, 50ರಿಂದ 60ಕ್ಕೆ 10. ಕಾಯಂ ನೌಕರಿಯವರಿಗೆ 50, 30, 15. ಶಾಶ್ವತ ಅಂಗವೈಕಲ್ಯದ ಕೇಸುಗಳಲ್ಲೂ ಈ ಏರಿಕೆ ಸಿಗಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಅರ್ಜಿಯಲ್ಲಿ ಇದನ್ನು ಕೇಳಿದ್ದಾರೆಯೇ ಎಂದು ನಿಮ್ಮ ವಕೀಲರ ಹತ್ತಿರ ಕೇಳಿ ನೋಡಿ.

ಈಗ 34 ವರ್ಷದ ಒಬ್ಬ ಗಾರೆ ಕೆಲಸದವರನ್ನು ತೆಗೆದುಕೊಳ್ಳೋಣ. ತಿಂಗಳಿಗೆ 15,000 ದುಡಿಯುತ್ತಿದ್ದರು. 40 ಶೇಕಡಾ ಸೇರಿಸಿದರೆ 21,000. ವರ್ಷಕ್ಕೆ 2,52,000. ಗುಣಕ 16, ಅಂದರೆ 40,32,000. ಡಾಕ್ಟರು ಬಲಗಾಲಿಗೆ 45 ಶೇಕಡಾ ಅಂಗವೈಕಲ್ಯ ಎಂದು ಬರೆದಿದ್ದಾರೆ. ಇದು ಒಂದು ಕಾಲಿನದ್ದು, ಇಡೀ ದೇಹದ್ದಲ್ಲ. ನಮ್ಮಲ್ಲಿ ರೂಢಿಯಾಗಿ ಅದರ ಮೂರನೇ ಒಂದು ಭಾಗ, ಅಂದರೆ 15 ಶೇಕಡಾ ಹಿಡಿಯುತ್ತಾರೆ. 6,04,800 ಆಯಿತು.

ಇಲ್ಲೇ ನಿಲ್ಲಬೇಡಿ. ಅವರು ಗಾರೆ ಕೆಲಸದವರು. ಸಾರ್ವೆ ಹತ್ತಬೇಕು, ಕುಕ್ಕರುಗಾಲಲ್ಲಿ ಕೂತು ಗಾರೆ ಬಳಿಯಬೇಕು, ಸಿಮೆಂಟ್ ಬಾಂಡ್ಲಿ ಹೊತ್ತು ಮೆಟ್ಟಿಲು ಏರಬೇಕು. ಆ ಕಾಲಿನಲ್ಲಿ ಇದಾಗುವುದಿಲ್ಲ. ಮೇಜಿನ ಮುಂದೆ ಕೂರುವವರಿಗೆ 15 ಶೇಕಡಾ ಇರುವ ನಷ್ಟ ಇವರಿಗೆ 30 ಆಗಬಹುದು. 30 ಹಿಡಿದರೆ ಮೊತ್ತ 12,09,600. ಸುಪ್ರೀಂ ಕೋರ್ಟ್ 2010ರ ರಾಜ್ ಕುಮಾರ್ ತೀರ್ಪಿನಲ್ಲಿ ಹೇಳಿದ್ದು ಇದನ್ನೇ: ದೇಹಕ್ಕೆ ಎಷ್ಟು ಊನ ಅನ್ನುವುದಕ್ಕಿಂತ ದುಡಿಮೆಗೆ ಎಷ್ಟು ಊನ ಅನ್ನುವುದು ಮುಖ್ಯ. 2014ರಲ್ಲಿ ಕರ್ನಾಟಕದ ಒಬ್ಬ ತರಕಾರಿ ವ್ಯಾಪಾರಿ ಕಾಲು ಕಳೆದುಕೊಂಡಿದ್ದ ಕೇಸಿನಲ್ಲಿ ಅದೇ ಕೋರ್ಟ್ ದುಡಿಮೆಯ ನಷ್ಟವನ್ನು 85 ಶೇಕಡಾ ಎಂದು ಹಿಡಿಯಿತು.

ಇದಕ್ಕೆ ಡಾಕ್ಟರು ಕಟಕಟೆಗೆ ಬಂದು, ಈ ಮನುಷ್ಯ ಇಂಥಿಂಥ ಕೆಲಸ ಮಾಡಲಾರ ಎಂದು ಹೇಳಬೇಕು. ಚಿಕಿತ್ಸೆ ಕೊಟ್ಟ ಡಾಕ್ಟರೇ ಬಂದರೆ ಆ ಮಾತಿಗೆ ತೂಕ. ಸರ್ಟಿಫಿಕೇಟ್ ಬರೆಯುವುದಕ್ಕೆಂದೇ ಸಿಗುವವರನ್ನು ನ್ಯಾಯಾಧೀಶರು ಚೆನ್ನಾಗಿ ಬಲ್ಲರು.

ಆದಾಯಕ್ಕೆ ಕಾಗದ ಇಲ್ಲ ಎಂದು ಕೂಲಿಯವರು ಹೆದರುತ್ತಾರೆ. ಬ್ಯಾಂಕ್ ಪಾಸ್‌ಬುಕ್, ಫೋನ್‌ಪೇ ಜಮಾ, ಸ್ವಸಹಾಯ ಸಂಘದ ಕಂತಿನ ಪುಸ್ತಕ, ಕೆಲಸ ಕೊಟ್ಟ ಮೇಸ್ತ್ರಿಯ ಸಾಕ್ಷಿ ಏನಿದ್ದರೂ ತನ್ನಿ. ಏನೂ ಇಲ್ಲದಿದ್ದರೆ ಕರ್ನಾಟಕ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಕೋಷ್ಟಕವಿದೆ. ಅಪಘಾತವಾದ ವರ್ಷಕ್ಕೆ ತಕ್ಕಂತೆ ಅಂದಾಜು ಆದಾಯವನ್ನು ಅದರಿಂದ ಹಿಡಿಯುತ್ತಾರೆ. ಮನೆ ನೋಡಿಕೊಳ್ಳುವ ಹೆಣ್ಣುಮಕ್ಕಳ ದುಡಿಮೆಗೂ ಬೆಲೆ ಕಟ್ಟಲೇಬೇಕೆಂದು 2021ರ ತೀರ್ಪಿದೆ. ‘ನಮ್ಮಮ್ಮ ಏನೂ ಕೆಲಸ ಮಾಡಲ್ಲ ಮೇಡಂ, ಮನೇಲೇ ಇರ್ತಾರೆ’ ಎಂದು ಮಕ್ಕಳು ಹೇಳುತ್ತಾರೆ. ಬೆಳಗ್ಗೆ ಐದಕ್ಕೆ ಎದ್ದು ಹಾಲು ಕರೆಯುವುದರಿಂದ ಹಿಡಿದು ಅವರು ಮಾಡುತ್ತಿದ್ದುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ತನ್ನಿ ಎಂದು ಹೇಳಿ ಕಳಿಸುತ್ತೇನೆ. ಹಾಳೆಯ ಎರಡೂ ಬದಿ ತುಂಬಿ ಬರುತ್ತದೆ.

ಜೀವ ಹೋಗಿದ್ದರೆ ಲೆಕ್ಕ ಸ್ವಲ್ಪ ಬೇರೆ. ಮೃತರ ಸ್ವಂತ ಖರ್ಚೆಂದು ಒಂದು ಪಾಲು ಕಳೆಯುತ್ತಾರೆ. ಮದುವೆಯಾಗದವರಿಗೆ ಅರ್ಧ, ಎರಡು ಮೂರು ಅವಲಂಬಿತರಿದ್ದರೆ ಮೂರನೇ ಒಂದು, ನಾಲ್ಕರಿಂದ ಆರು ಇದ್ದರೆ ನಾಲ್ಕನೇ ಒಂದು. ಎಲ್‌ಐಸಿ ಹಣ ಬಂದಿದೆ ಎಂದು ಪರಿಹಾರದಲ್ಲಿ ಕಡಿತ ಮಾಡುವಂತಿಲ್ಲ.

ಕಟಕಟೆ, ರಾಜಿ, ಫೀಸು

ಪಾಟೀ ಸವಾಲಿಗೆ ಹೋಗುವ ಹಿಂದಿನ ದಿನ ನಿಮ್ಮ ದೂರನ್ನು, ಕೋರ್ಟಿಗೆ ಕೊಟ್ಟ ಅಫಿಡವಿಟ್ಟನ್ನು ಎರಡು ಸಲ ಓದಿ. ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ’ ಎನ್ನಿ. ಈಗ ಕೆಲಸಕ್ಕೆ ಹೋಗುತ್ತಿದ್ದರೆ ‘ಹೋಗುತ್ತಿದ್ದೇನೆ, ಮೊದಲಿನಷ್ಟು ಆಗುವುದಿಲ್ಲ, ಕೂಲಿ ಕಡಿಮೆ ಕೊಡುತ್ತಾರೆ’ ಎಂದು ಇದ್ದದ್ದನ್ನು ಹೇಳಿ.

ವಿವರವಾದ ಪೊಲೀಸ್ ವರದಿ ಬಂದ 30 ದಿನದೊಳಗೆ ವಿಮಾ ಕಂಪನಿ ತಾನು ಎಷ್ಟು ಕೊಡುತ್ತದೆಂದು ಹೇಳಬೇಕು. ಲೋಕ ಅದಾಲತ್‌ನಲ್ಲೂ ಮಾತುಕತೆ ಆಗುತ್ತದೆ. ಬೇಗ ಹಣ ಸಿಗುವುದು ಅದರ ಲಾಭ. ಆದರೆ ಅಲ್ಲಿ ಒಪ್ಪಿದ ಮೇಲೆ ಅಪೀಲು ಇಲ್ಲ. ಮೇಲಿನ ಸೂತ್ರದಲ್ಲಿ ಮನೆಯಲ್ಲೇ ಲೆಕ್ಕ ಹಾಕಿಕೊಂಡು ಹೋಗಿ. ಲೆಕ್ಕದ ಹತ್ತಿರ ಬಂದರೆ ಒಪ್ಪಿ, ಅರ್ಧಕ್ಕೆ ಇಳಿಸಿದರೆ ಎದ್ದು ಬನ್ನಿ.

ಫೀಸಿನ ಬಗ್ಗೆ ನನ್ನ ವೃತ್ತಿಯವರಿಗೆ ಬೇಸರವಾದರೂ ಹೇಳುತ್ತೇನೆ. ಬಂದ ಪರಿಹಾರದಲ್ಲಿ ಇಷ್ಟು ಪಾಲು ಎಂದು ವಕೀಲರು ಮಾತಾಡಿಕೊಳ್ಳುವಂತಿಲ್ಲ. ಬಾರ್ ಕೌನ್ಸಿಲ್ ನಿಯಮವೇ ಅದನ್ನು ನಿಷೇಧಿಸಿದೆ. ಆಸ್ಪತ್ರೆಯ ವಾರ್ಡಿಗೇ ಬಂದು ಖಾಲಿ ವಕಾಲತ್ತಿಗೆ ಸಹಿ ಕೇಳುವ ಮಧ್ಯವರ್ತಿಗಳಿಗೆ ಸಹಿ ಹಾಕಬೇಡಿ. ಫೀಸು ಎಷ್ಟೆಂದು ಮೊದಲೇ ಬರವಣಿಗೆಯಲ್ಲಿ ಮಾಡಿಕೊಳ್ಳಿ. ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿ, ಅಥವಾ ಕೋರ್ಟಿನ ಆವರಣದಲ್ಲೇ ಇರುವ ಅವರ ಕಚೇರಿಗೆ ಹೋಗಿ.

ತೀರ್ಪು ಬಂದ ಮೇಲೆ

ತೀರ್ಪಿನ 30 ದಿನದೊಳಗೆ ಕಂಪನಿ ಹಣ ಠೇವಣಿ ಮಾಡಬೇಕು. ಅರ್ಜಿ ಹಾಕಿದ ದಿನದಿಂದ ಬಡ್ಡಿಯೂ ಸೇರುತ್ತದೆ. ಸಾಮಾನ್ಯವಾಗಿ ವರ್ಷಕ್ಕೆ 6 ರಿಂದ 9 ಶೇಕಡಾ. ಹಣ ಕಟ್ಟದಿದ್ದರೆ ತೀರ್ಪನ್ನು ಜಾರಿ ಮಾಡಿಸಲು ಅಮಲ್ಜಾರಿ ಅರ್ಜಿ ಹಾಕಬೇಕು. ಮೊತ್ತ ಕಡಿಮೆ ಅನ್ನಿಸಿದರೆ 90 ದಿನದೊಳಗೆ ಹೈಕೋರ್ಟಿಗೆ ಅಪೀಲು, ನಿಮ್ಮ ಜಿಲ್ಲೆಗೆ ತಕ್ಕಂತೆ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠಕ್ಕೆ. ವಿವಾದದ ಮೊತ್ತ 1 ಲಕ್ಷಕ್ಕಿಂತ ಕಡಿಮೆ ಇದ್ದರೆ ಅಪೀಲು ಇಲ್ಲ.

ಹಣ ನೇರ ನಿಮ್ಮ ಬ್ಯಾಂಕ್ ಖಾತೆಗೆ ಬರಲಿ. ಪಾಸ್‌ಬುಕ್, ಎಟಿಎಂ ಕಾರ್ಡ್, ಸಹಿ ಮಾಡಿದ ಚೆಕ್ಕು ಯಾರ ಕೈಗೂ ಕೊಡಬೇಡಿ. ನನ್ನ ಕೈಗೂ ಬೇಡ. ಒಂದು ಭಾಗವನ್ನು ನ್ಯಾಯಮಂಡಳಿ ಎಫ್‌ಡಿಯಲ್ಲಿ ಇಡಿಸುವುದುಂಟು. ಕಾಲಿಗೆ ಹಾಕಿದ ರಾಡು ತೆಗೆಸುವ ಆಪರೇಷನ್ ಬಂದರೆ, ಮಗಳ ಕಾಲೇಜು ಫೀಸು ಬಂದರೆ ಅವಧಿಗೆ ಮುಂಚೆಯೂ ಅದನ್ನು ತೆಗೆಯಬಹುದು. ಆಸ್ಪತ್ರೆಯ ಅಂದಾಜು ಪಟ್ಟಿ ಅಥವಾ ಕಾಲೇಜಿನ ಫೀಸು ಚೀಟಿ ಲಗತ್ತಿಸಿ ಅದೇ ನ್ಯಾಯಮಂಡಳಿಗೆ ಒಂದು ಅರ್ಜಿ ಕೊಟ್ಟರೆ ಸಾಕು. ಆಪರೇಷನ್ ತುರ್ತಾಗಿದ್ದರೆ ಅರ್ಜಿಯ ಮೊದಲ ಸಾಲಿನಲ್ಲೇ ತಾರೀಕಿನ ಸಮೇತ ಹಾಗೆಂದು ಬರೆಯಿರಿ.